ಕರಿಯಣ್ಣನ ರುಮಾಲು

ಮಾವ,

ನಿಮ್ಮ ಸೊಸೆ ರತ್ನ ಬರೆಯುತ್ತಿದ್ದೇನೆ. ನೀವು ಇದ್ದಾಗ ಒಂದೇ ಸೂರಿನ ಕೆಳಗೆ ಇದ್ದವರು ನಾವು, ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ. ಏನಿದ್ದರೂ ಗಾರೆ ಕಲಸುತ್ತ ಹೇಳುತ್ತಿದ್ದೆ, ನೀವು ಕರಣೆ ಕೆಳಗಿಡದೆ "ಹೂಂ" ಅನ್ನುತ್ತಿದ್ದಿರಿ. ನೀವು ಹೋಗಿ ಮೂರು ವರ್ಷವಾಯಿತು. ಹೇಳಬೇಕಾದ ಸಂಗತಿ ಒಂದಿದೆ. ಗೋಡೆಯ ಮೇಲಿನ ನಿಮ್ಮ ಫೋಟೋ ಮುಂದೆ ನಿಂತರೆ ದೀಪ ಹಚ್ಚಿ ಬಂದುಬಿಡುತ್ತೇನೆ. ಬರೆದರೆ ಮಾತು ಬಂದೀತೇನೋ ಅಂತ ಕೂತಿದ್ದೇನೆ.

ನಾನು ಬಿ.ದುರ್ಗದಿಂದ ಮದುವೆಯಾಗಿ ಬಂದ ವರ್ಷ ನಿಮಗೆ ನೆನಪಿದೆಯಾ? ಹೊಳಲ್ಕೆರೆಯ ಈ ಶೆಡ್ಡಿನಲ್ಲಿ ನೀವು ಒಬ್ಬ ಪಾಳೇಗಾರನ ಸಿಮೆಂಟಿನ ಮೂರ್ತಿ ಮಾಡುತ್ತಿದ್ದಿರಿ. ಮೀಸೆ, ಕತ್ತಿ, ಎದೆ ಎಲ್ಲ ಕೂತಿತ್ತು. ರುಮಾಲು ಮಾತ್ರ ಕೂರುತ್ತಿರಲಿಲ್ಲ. ಮೂರು ಸಲ ಕೆತ್ತಿ ತೆಗೆದಿದ್ದಿರಿ. ನಾನು ಕಾಫಿ ಲೋಟ ಇಟ್ಟವಳು ಹೋಗದೆ ನಿಂತೆ. "ಏನವ್ವ?" ಅಂದಿರಿ. "ಸುತ್ತು ಎಡಗಡೆಯಿಂದ ಏರಬೇಕು ಮಾವ. ಹಿಂಗೆ ಕಟ್ಟಿದ್ರೆ ಎರಡು ಹೆಜ್ಜೆಗೆ ಬಿಚ್ಚಿ ಹೋಗುತ್ತೆ," ಅಂದೆ. ನಮ್ಮಪ್ಪ ದಿನಾ ಬೆಳಿಗ್ಗೆ ರುಮಾಲು ಸುತ್ತುವಾಗ ಇನ್ನೊಂದು ತುದಿ ಹಿಡಿದು ನಿಲ್ಲುವ ಕೆಲಸ ನನ್ನದಾಗಿತ್ತು, ಅದಕ್ಕೇ ಗೊತ್ತಿತ್ತು. ಬೇರೆ ಯಾವ ಮಾವನವರಾದರೂ ಸಿಡುಕುತ್ತಿದ್ದರು. ನೀವು ಕರಣೆಯನ್ನು ಬಕೆಟ್ಟಿನ ನೀರಿನಲ್ಲಿ ತೊಳೆದು ನನ್ನ ಕೈಗೆ ಕೊಟ್ಟಿರಿ. "ಹಂಗಾರೆ ನೀನೇ ಏರ್ಸು."

ಅಲ್ಲಿಂದ ಏಳು ವರ್ಷ ನಾನು ನಿಮ್ಮ ಹತ್ತಿರ ಕಲಿತೆ. ಸರಳು ಬಗ್ಗಿಸುವುದು, ಜಾಲರಿ ಬಿಗಿಯುವುದು, ಗಾರೆಯ ಹದ, ಕಣ್ಣಿನ ರೆಪ್ಪೆಗೆ ಎಷ್ಟು ದಪ್ಪ, ಬಟ್ಟೆಯ ಮಡಿಕೆಗೆ ಎಷ್ಟು ಆಳ. ನಿಮ್ಮ ಮಗ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಅವರು ಮಾಡಿದ ಕೈಬೆರಳುಗಳನ್ನು ನೋಡಿದರೆ ಈಗ ಮಡಚಿಕೊಳ್ಳುತ್ತವೇನೋ ಅನ್ನಿಸುತ್ತಿತ್ತು. ಚಿಕ್ಕಜಾಜೂರಿನಲ್ಲಿ ಮೂರ್ತಿ ನಿಲ್ಲಿಸುವಾಗ ಅಟ್ಟಣಿಗೆ ಜಾರಿ ಬಿದ್ದರಲ್ಲ, ಅವತ್ತಿಗೆ ಅದು ಮುಗಿಯಿತು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಬಲಗೈಯಲ್ಲಿ ಅನ್ನ ಕಲಸಬಹುದು, ಕರಣೆ ಹಿಡಿದರೆ ಜಾರುತ್ತದೆ.

ಆಗ ನೀವು ಶೆಡ್ಡಿನ ನಡುವೆ ತಗಡಿನ ಗೋಡೆ ಹಾಕಿಸಿದಿರಿ. ಮುಂದುಗಡೆ ಗಿರಾಕಿಗಳು, ನಿಮ್ಮ ಮಗ. ಹಿಂದುಗಡೆ ಮೂರ್ತಿ ಮಾಡುವ ನಾನು. ಯಾರಾದರೂ ಬಂದ ಸದ್ದಾದರೆ ಅವರು ಎರಡೂ ಕೈಗೆ ಸಿಮೆಂಟು ಬಳಿದುಕೊಂಡು ಎದುರು ಹೋಗಬೇಕು. ನಾನು ಸುತ್ತಿಗೆ ಕೆಳಗಿಡಬೇಕು, ಕೆಮ್ಮು ಬಂದರೆ ಸೆರಗು ಬಾಯಿಗಿಟ್ಟುಕೊಳ್ಳಬೇಕು. "ಬಳೆಗೆ ಬಟ್ಟೆ ಸುತ್ತಿಕಳವ್ವ, ಸದ್ದು ಬರುತ್ತೆ," ಅಂದಿರಿ ನೀವು. ಸುತ್ತಿಕೊಂಡೆ. ತಗಡಿನ ಶೆಡ್ಡು, ಬೇಸಿಗೆಯಲ್ಲಿ ಒಳಗೆ ಹೇಗಿರುತ್ತದೆ ಅಂತ ನಿಮಗೇನು ಗೊತ್ತಿಲ್ಲವಾ? ಗಿರಾಕಿ ಎದ್ದು ಹೋಗುವ ತನಕ ಬೆವರು ಒರೆಸಿಕೊಳ್ಳಲೂ ಅಲುಗಾಡುತ್ತಿರಲಿಲ್ಲ ನಾನು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಿಮ್ಮ ಕೊನೆಯ ದಿನಗಳು. ನಿಮ್ಮ ಮಗ ಔಷಧಿ ತರಲು ಹೋಗಿದ್ದಾಗ ನನ್ನ ಕೈ ಹಿಡಿದುಕೊಂಡಿರಿ. "ಅವನ ಮರ್ಯಾದೆ ನಿನ್ನ ಕೈಯಾಗೈತೆ. ನಿನ್ನ ಬಾಯಿಂದ ಯಾರಿಗೂ ಹೇಳಾಕಿಲ್ಲ ಅಂತ ಮಾತು ಕೊಡವ್ವ," ಅಂದಿರಿ. ಕೊಟ್ಟೆ. ಸಾಯುವವರು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಆದರೆ ಮಾವ, ಕರಣೆ ಕೊಟ್ಟವರೂ ನೀವೇ, ತಗಡು ಹೊಡೆಸಿದವರೂ ನೀವೇ. ನಾನು ಯಾವ ಮಾವನನ್ನು ನೆನಪಿಟ್ಟುಕೊಳ್ಳಲಿ ಅಂತ ಎಷ್ಟೋ ಸಲ...

ಒಮ್ಮೆ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗುವಾಗ ನಾನು ಮಾಡಿದ ಮೂರ್ತಿಯೊಂದು ಕಿಟಕಿಯಲ್ಲಿ ಕಂಡಿತು. ನನ್ನ ಮೂರ್ತಿಗಳಲ್ಲಿ, ನಿಲ್ಲಿಸಿದ ಜಾಗದಲ್ಲೇ ನಾನು ನೋಡಿದ್ದು ಅದೊಂದನ್ನೇ. ಮಿಕ್ಕವನ್ನೆಲ್ಲ ಶೆಡ್ಡಿನಿಂದ ಟ್ರ್ಯಾಕ್ಟರಿಗೆ ಏರಿಸುವ ತನಕ ನೋಡಿದ್ದೇನೆ, ಅಷ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೇಳಿದಳು: "ಎಷ್ಟು ಚೆಂದ ಮಾಡವ್ನೆ ನೋಡ್ರಕ್ಕ." ನಾನು "ಹೌದು" ಅಂದೆ. ಮನೆಗೆ ಬಂದು ನಿಮ್ಮ ಮಗನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರಿಗೂ ಸಂಕಟ. ಬೇರೆಯವರ ಕೆಲಸಕ್ಕೆ ಹಾರ ಹಾಕಿಸಿಕೊಂಡು ಬಂದ ದಿನ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಅದನ್ನು ನಾನು ನೋಡಿದ್ದೇನೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬರು ಬಂದರು. ತುರುವನೂರಿನ ಆಚೆಯ ಒಂದು ಹಳ್ಳಿಯವರು, ನಿವೃತ್ತ ಹೆಡ್‌ಮಾಸ್ಟರು. ಸ್ವಾತಂತ್ರ್ಯ ಬರುವ ಮುಂಚೆ ತುರುವನೂರಿನಲ್ಲಿ, ಹೆಂಡ ಇಳಿಸಬಾರದು ಅಂತ ಈಚಲು ಮರ ಕಡಿದು ಚಳವಳಿ ಮಾಡಿದರಲ್ಲ, ಆಗ ಇವರ ಊರಿನಿಂದ ಹೋಗಿ ಜೈಲು ಸೇರಿದವನು ಕರಿಯಣ್ಣ ಅನ್ನುವ ಕುರಿ ಕಾಯುವವನೊಬ್ಬನೇ ಅಂತೆ. ಬಸ್‌ಸ್ಟ್ಯಾಂಡಿನ ಎದುರು ಅವನ ಮೂರ್ತಿ ನಿಲ್ಲಿಸಬೇಕು, ಅದಕ್ಕೆ ಇವರೇ ಕಮಿಟಿ ಅಧ್ಯಕ್ಷರು. ಒಂದು ಹಳೆಯ ಫೋಟೋ ತಂದಿದ್ದರು. ಎಲ್ಲರೂ ಗಾಂಧಿ ಟೋಪಿ ಹಾಕಿ ಕೂತಿದ್ದಾರೆ, ಕರಿಯಣ್ಣ ಕೊನೆಯಲ್ಲಿ ನಿಂತಿದ್ದಾನೆ. ಆದರೆ ಫೋಟೋದ ಆ ಮೂಲೆಯನ್ನು ಗೆದ್ದಲು ತಿಂದಿತ್ತು. ಹುಬ್ಬಿನಿಂದ ಮೇಲೆ ಏನೂ ಉಳಿದಿರಲಿಲ್ಲ.

"ತಲೆಗೇನು ಹಾಕಾಣ ಸಾರ್?" ಅಂತ ನಿಮ್ಮ ಮಗ ಕೇಳಿದರು. ತಗಡಿನ ಹಿಂದೆ ನಾನು ಕೇಳಿಸಿಕೊಳ್ಳುತ್ತಿದ್ದೆ. "ಟೋಪಿನೇ, ಇನ್ನೇನು?" ಅಂದರು ಹೆಡ್‌ಮಾಸ್ಟರು. "ಬಸ್ಸಿನಾಗೆ ಹೋಗೋರು ಒಂದ್ಸಲ ನೋಡಿದ್ರೆ ಗೊತ್ತಾಗ್ಬೇಕು, ಇವ್ರು ಸ್ವಾತಂತ್ರ್ಯಕ್ಕೆ ಹೋರಾಡಿದೋರು ಅಂತ. ಹೊರದೇಶದಾಗೂ ಹಂಗೇನಪ್ಪ. ಹಿಂದಿನ ಕಾಲದಾಗೆ ಗುಲಾಮ್ರನ್ನ ಬಿಡುಗಡೆ ಮಾಡಿದ್ರೆ ತಲೆಗೊಂದು ಟೋಪಿ ಇಡ್ತಿದ್ರಂತೆ. ಆಮೇಲೆ ಅಲ್ಲಿನ ಸ್ಮಾರಕದಾಗೆಲ್ಲ ಆ ಟೋಪಿನೇ ಸ್ವಾತಂತ್ರ್ಯದ ಗುರುತಾತು. ನಮಗೆ ಗಾಂಧಿ ಟೋಪಿ ಐತೆ." ಓದಿಕೊಂಡವರು, ಚೆನ್ನಾಗಿ ಹೇಳಿದರು. ನಾನು ಟೋಪಿ ಮಾಡಿದೆ. ಟೋಪಿ ಸುಲಭ ಮಾವ, ಅರ್ಧ ದಿನದ ಕೆಲಸ.

ಮೂರ್ತಿಯನ್ನು ಮುಂದುಗಡೆಗೆ ತಂದು ನಿಲ್ಲಿಸಿ ಟೋಪಿ ಒಣಗುತ್ತಿದ್ದಾಗ ಒಂದು ಬೆಳಿಗ್ಗೆ ಕಾಟಮ್ಮ ಬಂದರು. ಕರಿಯಣ್ಣನ ಮಗಳು, ತೊಂಬತ್ತರ ಹತ್ತಿರದ ಮುದುಕಿ. ಕೋಲೂರಿಕೊಂಡು ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ನಾನು ಮೂರ್ತಿಗೆ ಹೊದಿಸಿದ್ದ ಒದ್ದೆ ಗೋಣಿಚೀಲ ತೆಗೆದು ತಗಡಿನ ಹಿಂದೆ ಸರಿದೆ. ಮುದುಕಿ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತರು.

"ಇದ್ಯಾರಪ್ಪ?"

"ನಿಮ್ಮಪ್ಪ ಅಲ್ವಾ ಅಜ್ಜಿ?" ಅಂದರು ನಿಮ್ಮ ಮಗ.

"ಮೂಗು ನಮ್ಮಪ್ಪಂದೇ. ತಲೆ ಯಾರ್ದೋ."

ಆಮೇಲೆ ಸಿಮೆಂಟು ಚೀಲದ ಮೇಲೆ ಕೂತು ಹೇಳಿದರು. ಅವರ ಊರಿನಲ್ಲಿ ದೊಡ್ಡಮನೆ ಅಂತ ಒಂದಿತ್ತಂತೆ. ಆ ಮನೆಯ ಮುಂದೆ ಹಾಯುವಾಗ ಕುರಿಯವರು ರುಮಾಲು ಬಿಚ್ಚಿ ಕಂಕುಳಿಗೆ ಇಟ್ಟುಕೊಳ್ಳಬೇಕು, ಕಾಲಿನ ಕೆರ ಕಳಚಿ ಕೈಯಲ್ಲಿ ಹಿಡಿಯಬೇಕು. ಕರಿಯಣ್ಣನೂ ಹಾಗೇ ಹೋಗುತ್ತಿದ್ದ. ಜೈಲಿನಿಂದ ಬಿಡುಗಡೆಯಾದಾಗ ತುರುವನೂರಿನಲ್ಲಿ ಎಲ್ಲರಿಗೂ ಟೋಪಿ ಕೊಟ್ಟರು. "ನಮ್ಮಪ್ಪ ಇಸ್ಕಂಡು ಕಣ್ಣಿಗೆ ಒತ್ತಿಕಂಡು ಅಂಗಿ ಜೇಬಿನಾಗೆ ಇಟ್ಕಂಡ. ತಲೆಗೆ ರುಮಾಲೇ ಸುತ್ತಿದ. ಅವತ್ತು ಊರಿಗೆ ಬರುವಾಗ ನಾನು ಎದುರಿಗೆ ಹೋಗಿ ಕೈ ಹಿಡ್ಕಂಡಿದ್ದೆ, ಇಷ್ಟುದ್ದ ಇದ್ದೆ. ದೊಡ್ಡಮನೆ ಬಂತು. ನಮ್ಮಪ್ಪನ ಕೈ ಬೆವರ್ತು, ಗೊತ್ತಾತು ನಂಗೆ. ಬಿಚ್ಚಲಿಲ್ಲ. ಕೆರನೂ ಬಿಡಲಿಲ್ಲ. ಹಂಗೇ ನಡೆದ."

"ಏನಾತು ಅಜ್ಜಿ?"

"ಏನಾಗುತ್ತೆ? ಜಗಲಿ ಮ್ಯಾಲೆ ಕುಂತಿದ್ದೋರು ನೋಡಿದ್ರು. ಆಮ್ಯಾಲೆ ಎರಡು ವರ್ಷ ಯಾವ ಹೊಲ್ದಾಗೂ ನಮ್ಮ ಕುರಿ ಮಂದೆ ನಿಲ್ಲಾಕೆ ಬಿಡಲಿಲ್ಲ. ಗೊಬ್ರಕ್ಕೆ ಮಂದೆ ನಿಲ್ಸಿದ್ರೆ ತಾನೆ ನಮಗೆ ಕಾಳು? ಉಪಾಸ ಬಿದ್ವಿ. ನಮ್ಮವ್ವ ಅಪ್ಪಂಗೆ ಕೈ ಮುಗಿದ್ಲು, ಒಂದ್ಸಲ ಬಿಚ್ಚಿಬಿಡು, ಏನು ಹೋಗುತ್ತೆ ಅಂತ. ಬಿಚ್ಚಲಿಲ್ಲ ಕಣಪ್ಪ."

ತಗಡಿನ ಹಿಂದೆ ನಾನು ಬಟ್ಟೆ ಸುತ್ತಿದ ಬಳೆಗಳನ್ನು ನೋಡುತ್ತ ಕೂತಿದ್ದೆ ಮಾವ. ಅವರ ಅವ್ವ ಕೇಳಿದ್ದನ್ನೇ ನಾನು ಆರು ವರ್ಷದಿಂದ ನನಗೆ ಹೇಳಿಕೊಳ್ಳುತ್ತಿದ್ದೆನಲ್ಲ, ಇದರಿಂದ ಏನು ಹೋಗುತ್ತೆ ಅಂತ?

ಕಾಟಮ್ಮ ಚೀಲದಿಂದ ಒಂದು ಬಟ್ಟೆ ತೆಗೆದರು. ಮಾಸಿದ ಬಿಳಿ, ಅಂಚಿಗೆ ಸಣ್ಣ ಕೆಂಪು ಗೀರು. "ಇದು ನಮ್ಮಪ್ಪಂದು. ನಿಂಗೆ ಕಟ್ಟಾಕೆ ಬರುತ್ತಾ? ಕಟ್ಟು ನೋಡಾಣ. ಕಟ್ಟಾಕೆ ಬರದೋನು ಸಿಮೆಂಟಿನಾಗೆ ಹೆಂಗೆ ಮಾಡ್ತೀಯ?" ನಿಮ್ಮ ಮಗ ತೆಗೆದುಕೊಂಡರು. ತಗಡಿನ ಸಂದಿಯಲ್ಲಿ ನನಗೆ ಕಾಣುತ್ತಿತ್ತು. ಎಡಗೈಯಲ್ಲಿ ಒಂದು ಸುತ್ತು ತಂದರು, ಬಲಗೈಗೆ ಬಂದಾಗ ಬಟ್ಟೆ ಜಾರಿತು. ಇನ್ನೊಮ್ಮೆ ತಂದರು. ಮತ್ತೆ ಜಾರಿತು. ಮೂರನೆಯ ಸಲ ಬಟ್ಟೆ ನೆಲಕ್ಕೆ ಬಿತ್ತು. ನಿಮ್ಮ ಮಗ ಬಗ್ಗಿ ಅದನ್ನು ಎತ್ತಿಕೊಳ್ಳಲಾಗದೆ ನಿಂತಿದ್ದರು. ಅವರ ಕಿವಿ ಕೆಂಪಗಾಗಿತ್ತು.

ನಾನು ಹೊರಗೆ ಬಂದೆ.

ಬರಬಾರದಿತ್ತು ಅಂತ ನೀವು ಅನ್ನಬಹುದು. ನಾನು ಒಂದು ಮಾತೂ ಆಡಲಿಲ್ಲ, ನಿಮಗೆ ಕೊಟ್ಟ ಮಾತಿಗೆ ಅಷ್ಟು ಮಾತ್ರ ಬೆಲೆ ಕೊಟ್ಟೆ. ಬಟ್ಟೆ ಎತ್ತಿ ಕೊಡವಿ ಒಂದು ತುದಿಯನ್ನು ಕಾಟಮ್ಮನ ಕೈಗೆ ಕೊಟ್ಟೆ. ಅವರು ಹಿಡಿದುಕೊಂಡರು. ನಿಮ್ಮ ಮಗನ ತಲೆಗೇ ಸುತ್ತಿದೆ, ಎಡದಿಂದ ಏರಿಸಿ, ಹಿಂದೆ ಒಂದು ಚುಂಗು ಬಿಟ್ಟು. ಮುದುಕಿ ರುಮಾಲು ನೋಡಲಿಲ್ಲ. ನನ್ನ ಉಗುರು ಸಂದಿಯ ಸಿಮೆಂಟು ನೋಡಿದರು, ಬಳೆಯ ಬಟ್ಟೆ ನೋಡಿದರು, ಆಮೇಲೆ ನಿಮ್ಮ ಮಗನ ಬಲಗೈ ನೋಡಿದರು. "ಓ, ಮಾಡೋಳು ನೀನು," ಅಂದರು. ಸ್ವಲ್ಪ ಹೊತ್ತಿಗೆ, "ನಾನು ಯಾರಿಗೂ ಹೇಳಾಕಿಲ್ಲ ಬಿಡು ತಾಯಿ," ಅಂದು ಕೋಲು ಎತ್ತಿಕೊಂಡರು. ರುಮಾಲನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ಮಾರನೆಯ ದಿನ ನಿಮ್ಮ ಮಗ ಅಂದರು: "ನಾನೇ ಏನಾರ ನೆಪ ಹೇಳ್ತಿದ್ದೆ. ನೀನ್ಯಾಕೆ ಬಂದೆ?" ನಾನು ರುಮಾಲನ್ನು ಮಡಚಿ ಅವರ ಮುಂದಿಟ್ಟೆ. ಅವರೇ ಹೆಡ್‌ಮಾಸ್ಟರಿಗೆ ಫೋನು ಮಾಡಿ ರುಮಾಲಿನ ವಿಷಯ ಕೇಳಿದರು. "ಇನ್ವಿಟೇಷನ್ನಿನಾಗೆ ಟೋಪಿ ಇರೋ ಚಿತ್ರ ಪ್ರಿಂಟಾಗೈತೆ, ಮುದುಕಿ ಮಾತು ಕಟ್ಕಂಡು ಕುಂತ್ಕಬ್ಯಾಡ," ಅಂದರಂತೆ. "ಟೋಪಿನೇ ಇರ್ಲಿ, ಬಣ್ಣ ಹೊಡೆದು ಮುಗಿಸು," ಅಂತ ನಿಮ್ಮ ಮಗ ನನಗೆ ಹೇಳಿದರು. ನಾಲ್ಕು ದಿನ ಆ ಮೂರ್ತಿಯ ಕೆಳಗೇ ಓಡಾಡಿದೆ. ಯಾರನ್ನು ಕೇಳಲಿ? ಹೊರಗಿನವರನ್ನು ಕೇಳುವಂತಿಲ್ಲ, ಒಳಗಿನವರು ಹೇಳಿ ಆಗಿದೆ, ನೀವಂತೂ...

ಐದನೆಯ ದಿನ ಮಧ್ಯಾಹ್ನ, ನಿಮ್ಮ ಮಗ ಬಣ್ಣ ತರಲು ಚಿತ್ರದುರ್ಗಕ್ಕೆ ಹೋಗಿದ್ದಾಗ, ಏಣಿ ಹಾಕಿಕೊಂಡು ಹತ್ತಿದೆ. ಉಳಿ ಇಟ್ಟು ಮೊದಲ ಏಟು ಹೊಡೆದೆ. ಬಳೆಯ ಬಟ್ಟೆ ಬಿಚ್ಚಿ ಎಸೆದೆ, ಉಳಿ ಹಿಡಿಯಲು ಅದು ತೊಡಕಾಗುತ್ತಿತ್ತು. ಟೋಪಿ ತುಂಡು ತುಂಡಾಗಿ ಬಿತ್ತು. ಒಳಗಿನ ಜಾಲರಿ ಕಂಡಿತು. ಏಟಿನ ಸದ್ದು ಇಡೀ ರಸ್ತೆಗೆ ಕೇಳಿರಬೇಕು. ಎದುರಿನ ಪಂಕ್ಚರ್ ಅಂಗಡಿಯವನು ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿ ಹೋದ. ನಾನು ನಿಲ್ಲಿಸಲಿಲ್ಲ.

ನಿಮ್ಮ ಮಗ ಬಂದಾಗ ಗಾರೆ ಕಲಸಿ ಎರಡು ಸುತ್ತು ಏರಿಸಿ ಆಗಿತ್ತು. ಬಣ್ಣದ ಡಬ್ಬಿ ಕೆಳಗಿಟ್ಟು ನೆಲದ ಮೇಲಿನ ಟೋಪಿಯ ಚೂರುಗಳನ್ನು ನೋಡುತ್ತ ನಿಂತರು. ಬೈಯುತ್ತಾರೆ ಅಂದುಕೊಂಡೆ. ಏಣಿ ಅಲುಗಾಡುತ್ತಿತ್ತು. ಅವರು ಬಂದು ಎಡಗೈಯಲ್ಲಿ ಅದನ್ನು ಹಿಡಿದುಕೊಂಡರು. "ಮೂರನೇ ಸುತ್ತು ಒಂಚೂರು ಕೆಳಗೆ ತಗೋ, ಹುಬ್ಬಿಗೆ ನೆರಳು ಬೀಳ್ಲಿ," ಅಂದರು. ಅಟ್ಟಣಿಗೆಯಿಂದ ಬಿದ್ದ ಮೇಲೆ, ಮೂರ್ತಿ ಹೇಗೆ ಬರಬೇಕು ಅಂತ ಅವರು ಆಡಿದ ಮೊದಲ ಮಾತು ಅದು ಮಾವ.

ಹೆಡ್‌ಮಾಸ್ಟರು ಮುಂದಿನ ವಾರ ಕಮಿಟಿಯ ಇಬ್ಬರ ಜೊತೆ ಬಂದರು. ನಾನು ಅಭ್ಯಾಸದಂತೆ ತಗಡಿನ ಹಿಂದೆ ಹೋಗಿದ್ದೆ. "ಇದೇನಪ್ಪ ಇದು? ಟೋಪಿ ಎಲ್ಲಿ?" ಅಂದರು. "ಒಡೆದ್ವಿ ಸಾರ್." "ಯಾರನ್ನ ಕೇಳಿ ಒಡೆದೆ ನೀನು?" ನಿಮ್ಮ ಮಗನ ಕೈಗೆ ಅವತ್ತು ಸಿಮೆಂಟು ಇರಲಿಲ್ಲ, ಬಳಿದುಕೊಂಡಿರಲಿಲ್ಲ. "ನಾನು ಒಡೀಲಿಲ್ಲ ಸಾರ್. ರುಮಾಲೂ ನಾನು ಮಾಡಿದ್ದಲ್ಲ. ಆರು ವರ್ಷದಿಂದ ಇಲ್ಲಿ ಯಾವುದೂ ನಾನು ಮಾಡಿದ್ದಲ್ಲ," ಅಂದರು. ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಲು ನೋಡಿದರು. ಬೆರಳು ಅರ್ಧಕ್ಕೆ ನಿಂತವು. "ನನ್ನ ಕೈ ಹೋಗೈತೆ. ಮಾಡೋಳು ನನ್ನ ಹೆಂಡ್ತಿ. ಲೇ ರತ್ನಿ, ಬಾ ಇಲ್ಲಿ."

ಹೋದೆ. ಹೆಡ್‌ಮಾಸ್ಟರು ನನ್ನನ್ನು ಕೇಳಿದರು: "ಟೋಪಿ ಯಾಕಮ್ಮ ತೆಗೆದ್ರಿ?" ನಾನು ಕಾಟಮ್ಮ ಹೇಳಿದ್ದನ್ನು ಹೇಳಿದೆ, ದೊಡ್ಡಮನೆ, ಬೆವರಿದ ಕೈ, ಮಂದೆ ಎಲ್ಲ. "ಟೋಪಿ ಅವ್ರಿಗೆ ಯಾರೋ ಕೊಟ್ಟಿದ್ದು ಸಾರ್. ರುಮಾಲು ಅವ್ರು ಬಿಚ್ಚದೇ ಇದ್ದಿದ್ದು," ಅಂದೆ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಆ ಜಗಲಿ ನಮ್ಮ ಮನೇದು. ಕುಂತಿದ್ದೋರು ನಮ್ಮಜ್ಜ." ಜೊತೆಗೆ ಬಂದಿದ್ದ ಇಬ್ಬರೂ ನೆಲ ನೋಡಿದರು. ರುಮಾಲು ಇರಲಿ ಅಂತಲೂ ಬೇಡ ಅಂತಲೂ ಹೇಳದೆ ಹೆಡ್‌ಮಾಸ್ಟರು ಅವರನ್ನು ಕರೆದುಕೊಂಡು ಹೊರಟು ಹೋದರು.

ಹನ್ನೆರಡು ದಿನ ಸುದ್ದಿಯಿಲ್ಲ. ಅಷ್ಟರಲ್ಲಿ ನಮ್ಮ ಸುದ್ದಿ ಊರೆಲ್ಲ ಹಬ್ಬಿತ್ತು. ಹೊಸದುರ್ಗದವರೊಬ್ಬರು ಮಾಡಲು ಕೊಟ್ಟಿದ್ದ ದೇವರ ಮೂರ್ತಿ ಬೇಡ ಅಂದರು, ಹೆಂಗಸು ಮುಟ್ಟಿದ್ದು ಪೂಜೆಗೆ ಬರಲ್ಲವಂತೆ. ನಿಮ್ಮ ಮಗ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು. "ಹೆಂಡ್ತಿ ಕೈ ಕೆಲಸಕ್ಕೆ ಹಾರ ಹಾಕಿಸ್ಕಂಡೋನು," ಅಂತ ಯಾರೋ ಅಂದರಂತೆ. ನೀವು ಹೆದರಿದ್ದು ಇದಕ್ಕೇ ಅಲ್ಲವಾ? ಹೆದರಿದ್ದು ಸುಳ್ಳಲ್ಲ ಮಾವ. ಒಪ್ಪಿಕೊಳ್ಳುತ್ತೇನೆ.

ಹದಿಮೂರನೆಯ ದಿನ ಟ್ರ್ಯಾಕ್ಟರ್ ಬಂತು. ಹೆಡ್‌ಮಾಸ್ಟರು ಡ್ರೈವರಿನ ಕೈಯಲ್ಲಿ ಚೀಟಿ ಕಳಿಸಿದ್ದರು: "ರುಮಾಲು ಹಾಗೇ ಇರಲಿ. ಇಬ್ಬರೂ ಬರಬೇಕು." ಹೋದೆವು. ಮೂರ್ತಿಯ ಮೇಲಿನ ಬಟ್ಟೆ ಎಳೆದಾಗ ನಾನು ಹೆಂಗಸರ ಹಿಂದೆ ನಿಂತಿದ್ದೆ. ಕರಿಯಣ್ಣ ದೊಡ್ಡಮನೆಯ ಬೀದಿಗೆ ಮುಖ ಮಾಡಿ ನಿಂತಿದ್ದ. ಕಾಟಮ್ಮ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಕತ್ತೆತ್ತಿ ನೋಡಿ, "ಹೂಂ, ಇವ್ನೇ," ಅಂದರು. ಕೆಳಗೆ ಕಲ್ಲಿನ ಮೇಲೆ "ಶಿಲ್ಪಿ" ಅಂತ ಕೆತ್ತಿದ್ದಾರೆ, ಮುಂದೆ ಖಾಲಿ ಬಿಟ್ಟಿದ್ದಾರೆ. ನಿಮ್ಮ ಮಗ ತಮ್ಮ ಹೆಸರು ಬೇಡ ಅಂದರು, ನನ್ನ ಹೆಸರಿಗೆ ಕಮಿಟಿಯಲ್ಲಿ ಕೆಲವರು ಒಪ್ಪಲಿಲ್ಲ. ಇನ್ನೂ ಖಾಲಿ ಇದೆ. ತಗಡಿನ ಗೋಡೆಯೂ ಇನ್ನೂ ಇದೆ. ತೆಗೆಸೋಣ ಅಂತ ಇಬ್ಬರೂ ಅನ್ನುತ್ತೇವೆ, ಯಾರೂ ಸ್ಪ್ಯಾನರ್ ಎತ್ತಿಕೊಂಡಿಲ್ಲ. ಈಗಲೂ ಯಾರಾದರೂ ಬಂದ ಸದ್ದಾದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ.

ನಿಮಗೆ ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ, ನಿಮ್ಮ ಮಗ ಮುರಿದರು. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ? ಅವರು ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ತಗಡಿನ ಹಿಂದಿನಿಂದ ನಾನೇ ಕೂಗಿ ಹೇಳುತ್ತಿದ್ದೆ. ಇದನ್ನು ನೀವು ಕ್ಷಮಿಸಬೇಕು ಅಂತ ಕೇಳುತ್ತಿಲ್ಲ. ಗೊತ್ತಿರಲಿ ಅಂತ ಬರೆದೆ.

ನಿನ್ನೆ ಹಿರಿಯೂರಿನಿಂದ ಫೋನು ಬಂದಿತ್ತು. ಅಲ್ಲಿನ ಶಾಲೆಯೊಂದರಲ್ಲಿ ನಲವತ್ತು ವರ್ಷ ಪಾಠ ಹೇಳಿದ ಮೇಡಮ್ಮೊಬ್ಬರ ಮೂರ್ತಿ ಬೇಕಂತೆ. ಫೋನು ಎತ್ತಿದ್ದು ನಿಮ್ಮ ಮಗ. "ಶಿಲ್ಪಿಗಳು ಇದಾರಾ?" ಅಂತ ಆ ಕಡೆಯವರು ಕೇಳಿದ್ದು ನನಗೂ ಕೇಳಿಸಿತು. "ಅದಾರೆ, ಕೊಡ್ತೀನಿ ತಡೀರಿ," ಅಂದು ಅವರು ಫೋನನ್ನು ನನ್ನ ಕಡೆ ಚಾಚಿದರು. ಕೈಯೆಲ್ಲ ಗಾರೆಯಾಗಿತ್ತು, ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. ಆ ಕಡೆಯಿಂದ ಹಲೋ, ಹಲೋ ಅನ್ನುತ್ತಲೇ ಇದ್ದರು.

"ಹೇಳ್ರಿ," ಅಂದೆ. "ನಾನೇ ಮಾತಾಡ್ತಿರೋದು."

ನಿಮ್ಮ ಸೊಸೆ,
ರತ್ನ